ಬಾಕಿ ಬಾಡಿಗೆಯೂ ಬಾಗಿಲ ಬೀಗವೂ

(ಗಿರಣಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಬಾಡಿಗೆ ಬಾಕಿ ಬಿದ್ದವನೊಡನೆ ಮಾಲೀಕನಾದವನು ಹೇಗೆ ನಡೆದುಕೊಳ್ಳಬೇಕು ಎಂಬುದು ಈ ದಿನದ ವಿಷಯ. ಇದು ಇಬ್ಬರ ನಡುವಿನ ಖಾಸಗಿ ವ್ಯವಹಾರ, ಇದರಲ್ಲಿ ಸಮಾಜವಾದಕ್ಕೇನು ಕೆಲಸ ಎಂದು ಕೇಳುವವರಿದ್ದಾರೆ. ಅಂಥವರು ತಿಂಗಳ ಮೊದಲ ವಾರದಲ್ಲಿ ಯಾವುದಾದರೊಂದು ವಠಾರದ ಮುಂದೆ ಅರ್ಧ ಗಂಟೆ ನಿಂತು ನೋಡಲಿ. ಮಾಲೀಕನ ಚಪ್ಪಲಿಯ ಸದ್ದು ಕೇಳಿದೊಡನೆ ತಂದೆ ಒಳಕೋಣೆಗೆ ಸರಿಯುತ್ತಾನೆ. ಎಂಟು ವರ್ಷದ ಹುಡುಗ ಬಾಗಿಲಿಗೆ ಬಂದು "ಅಪ್ಪ ಮನೇಲಿಲ್ಲ" ಎನ್ನುತ್ತಾನೆ. ಶಾಲೆಯಲ್ಲಿ ನಾವು ಸತ್ಯ ಹೇಳು ಎಂದು ಕಲಿಸುತ್ತೇವೆ. ಬಾಡಿಗೆಯ ದಿನ ಮನೆಯೇ ಆ ಮಗುವಿಗೆ ಸುಳ್ಳಿನ ಪಾಠ ಹೇಳುತ್ತದೆ. ಒಂದು ಮಗುವಿನ ನಾಲಗೆಯನ್ನು ಕೆಡಿಸುವ ವ್ಯವಹಾರವು ಖಾಸಗಿಯಾಗಿ ಉಳಿಯುವುದಿಲ್ಲ, ಅದು ಸಮಾಜದ ವ್ಯವಹಾರವಾಗುತ್ತದೆ.

ಮತ್ತೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಮಾಲೀಕ ಎಂದೊಡನೆ ಕಣ್ಣಿಗೆ ಬರುವುದು ದೊಡ್ಡ ಬಂಗಲೆಯ ಸಾಹುಕಾರ. ಈ ಸಭೆಯಲ್ಲಿ ಬೇರೆ ಬಗೆಯ ಮಾಲೀಕರೂ ಕುಳಿತಿದ್ದಾರೆ. ನಿವೃತ್ತಿಯ ದಿನ ಬಂದ ಗ್ರಾಚ್ಯುಯಿಟಿ ಹಣದಲ್ಲಿ ಎರಡು ಕೋಣೆ ಕಟ್ಟಿ ಬಾಡಿಗೆಗೆ ಕೊಟ್ಟ ಗಿರಣಿ ಕಾರ್ಮಿಕರಿದ್ದಾರೆ. ಗಂಡ ತೀರಿಕೊಂಡ ಮೇಲೆ ಆ ಕೋಣೆಗಳ ಬಾಡಿಗೆಯಿಂದಲೇ ಒಲೆ ಹಚ್ಚುವ ತಾಯಂದಿರಿದ್ದಾರೆ. ಬೀದಿಯ ಮೇಲಿನ ಅಂಗಡಿಗೆ ತಾವು ಬಾಡಿಗೆ ತೆತ್ತು, ಮನೆಯ ಮೇಲಂತಸ್ತಿಗೆ ಬಾಡಿಗೆ ಎತ್ತುವ ವ್ಯಾಪಾರಿಗಳಿದ್ದಾರೆ. ಆದುದರಿಂದ ನಾವು ಯಾರನ್ನೋ ದೂರದಿಂದ ಬೈದು ಚಪ್ಪಾಳೆ ಗಿಟ್ಟಿಸುವ ಸಭೆ ಇದಲ್ಲ. ನಮ್ಮ ನಮ್ಮ ಮನೆಯ ಲೆಕ್ಕವನ್ನೇ ನಾವು ನೋಡಿಕೊಳ್ಳಬೇಕಾಗಿದೆ.

ಬಾಕಿ ಎಲ್ಲಿಂದ ಬರುತ್ತದೆ?

ಬಾಡಿಗೆ ಬಾಕಿ ಬಿದ್ದೊಡನೆ "ಸೋಮಾರಿ, ಕುಡುಕ, ದುಂದುಗಾರ" ಎಂಬ ಮಾತುಗಳು ಹೊರಡುತ್ತವೆ. ಅಂಥವರು ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಹೆಚ್ಚಿನ ಬಾಕಿ ಹುಟ್ಟುವುದು ಬೇರೆ ಕಡೆಯಲ್ಲಿ.

ಗಿರಣಿಯಲ್ಲಿ ಲೇ-ಆಫ್ ಆಯಿತೆನ್ನಿ. ಕಾನೂನಿನ ಪ್ರಕಾರ ವರ್ಷದ ಸೇವೆ ಪೂರೈಸಿದ ಕಾರ್ಮಿಕನಿಗೆ ಸಿಗುವ ಪರಿಹಾರವೆಂದರೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ. ಬದಲಿ ಕಾರ್ಮಿಕನಿಗೆ ಅದೂ ಇಲ್ಲ. ಸಂಬಳ ಅರ್ಧವಾಯಿತೆಂದು ಬಾಡಿಗೆ ಅರ್ಧವಾಗುತ್ತದೆಯೆ? ಅಕ್ಕಿ ಅರ್ಧ ಬೆಲೆಗೆ ಬರುತ್ತದೆಯೆ? ಅಕ್ಕಿಗೆ ಅಂಗಡಿಯಲ್ಲಿ ರೊಕ್ಕ ಎಣಿಸಬೇಕು, ಔಷಧಿಗೂ ಎಣಿಸಬೇಕು. ಸ್ವಲ್ಪ ತಡೆಯಬಹುದಾದದ್ದು ಬಾಡಿಗೆಯೊಂದೇ. ಆದುದರಿಂದ ಕಷ್ಟ ಬಂದಾಗ ಮೊದಲು ಬಾಕಿ ಬೀಳುವುದು ಬಾಡಿಗೆಯೇ. ಗಿರಣಿಯ ಗೇಟಿನಲ್ಲಿ ಉಳಿದ ಸಂಬಳವೇ ವಠಾರದ ಬಾಗಿಲಲ್ಲಿ ಬಾಡಿಗೆ ಬಾಕಿಯಾಗಿ ನಿಲ್ಲುತ್ತದೆ.

ತಾರೀಖಿನ ಮಾತನ್ನೂ ನೋಡಿ. 1936ರ ವೇತನ ಪಾವತಿ ಕಾಯ್ದೆಯು, ಸಾವಿರಕ್ಕಿಂತ ಕಡಿಮೆ ಕಾರ್ಮಿಕರಿರುವ ಕಡೆ 7ನೇ ದಿನ ಮುಗಿಯುವುದರೊಳಗೆ, ಅದಕ್ಕಿಂತ ದೊಡ್ಡ ಕಾರ್ಖಾನೆಗಳಲ್ಲಿ 10ನೇ ದಿನ ಮುಗಿಯುವುದರೊಳಗೆ ಸಂಬಳ ಕೊಡಬೇಕೆಂದು ವಿಧಿಸಿತ್ತು. ಮಾಲೀಕ ಮಾತ್ರ 1ನೇ ತಾರೀಖಿಗೆ ಬಾಗಿಲು ತಟ್ಟುತ್ತಾನೆ. ಸಂಬಳವೇ ಕೈಗೆ ಬಾರದವನು ಅಂದೇ ಬಾಕಿದಾರನಾಗುತ್ತಾನೆ! ಇದು ಅವನ ತಪ್ಪೊ, ಪಂಚಾಂಗದ ತಪ್ಪೊ?

ವ್ಯಾಪಾರಿ ಮಿತ್ರರ ಸ್ಥಿತಿ ಇದಕ್ಕಿಂತ ಮೇಲಲ್ಲ. ಆಷಾಢದಲ್ಲಿ ಬಟ್ಟೆಯ ಅಂಗಡಿಗೆ ನೊಣವೂ ಬರುವುದಿಲ್ಲ. ಶ್ರಾವಣ ಬರಬೇಕು, ಗೌರಿ ಗಣೇಶ ಬರಬೇಕು, ದೀಪಾವಳಿ ಬರಬೇಕು. ಗಿರಾಕಿಗೆ ಕಾಲವುಂಟು, ಮಳಿಗೆಯ ಬಾಡಿಗೆಗೆ ಕಾಲವಿಲ್ಲ. ಅಲ್ಲದೆ ಗಿರಣಿಯವರಿಗೆ ಸಂಬಳವಿಲ್ಲದ ತಿಂಗಳು ದಿನಸಿ ಅಂಗಡಿಯ ಉದ್ರಿ ಪುಸ್ತಕ ದಪ್ಪವಾಗುತ್ತದೆ. ಆಗ ಕಾರ್ಮಿಕನ ಬಾಕಿಯೇ ವ್ಯಾಪಾರಿಯ ಬಾಕಿಯೂ ಆಗುತ್ತದೆ.

2020ರಲ್ಲಿ ಇದು ದೇಶಕ್ಕೆಲ್ಲ ಕಣ್ಣಾರೆ ಕಂಡಿತು. ಲಾಕ್‌ಡೌನ್ ಬಂದು ಕೆಲಸ ನಿಂತಾಗ, ಮಾರ್ಚ್ 29ರಂದು ಕೇಂದ್ರ ಗೃಹ ಇಲಾಖೆಯು ಒಂದು ಆಜ್ಞೆ ಹೊರಡಿಸಿತು. ವಲಸೆಗಾರರೂ ಸೇರಿದಂತೆ ಬಾಡಿಗೆ ಮನೆಯಲ್ಲಿರುವ ಕಾರ್ಮಿಕರಿಂದ ಒಂದು ತಿಂಗಳ ಬಾಡಿಗೆ ಕೇಳಕೂಡದು, ಅವರನ್ನು ಬಲವಂತದಿಂದ ಹೊರಡಿಸಿದರೆ ಕ್ರಮ ಕೈಗೊಳ್ಳಲಾಗುವುದು ಎಂದಿತು. ಸರ್ಕಾರ ಅಂದು ಒಪ್ಪಿಕೊಂಡ ತತ್ವವೇನು? ದುಡಿಮೆ ನಿಂತರೆ ಬಾಡಿಗೆ ಕೊಡಲಾಗದು, ಆ ಕಾರಣಕ್ಕೆ ಮನುಷ್ಯನನ್ನು ಬೀದಿಗೆ ತಳ್ಳಕೂಡದು ಎಂಬುದು. ದೇಶಕ್ಕೇ ಕಷ್ಟ ಬಂದಾಗ ನ್ಯಾಯವಾದದ್ದು ಒಂದು ಮನೆಗೆ ಕಷ್ಟ ಬಂದಾಗ ಅನ್ಯಾಯವಾಗುತ್ತದೆಯೆ?

ಹಕ್ಕು ಯಾವುದು, ದರ್ಪ ಯಾವುದು

ಬಾಡಿಗೆ ಕೇಳುವ ಹಕ್ಕು ಮಾಲೀಕನಿಗಿದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬಾಕಿ ಎಂಬುದು ಹಣದ ಲೆಕ್ಕ. ಹಣದ ಲೆಕ್ಕಕ್ಕೆ ಮಾನವನ್ನು ಜಪ್ತಿ ಮಾಡುವ ಅಧಿಕಾರ ಯಾರಿಗೂ ಇಲ್ಲ. ನಲ್ಲಿಯ ನೀರು ನಿಲ್ಲಿಸುವುದು, ಫ್ಯೂಸು ಕಿತ್ತುಕೊಂಡು ಹೋಗುವುದು, ಪಾತ್ರೆಪಗಡೆಗಳನ್ನು ಅಂಗಳಕ್ಕೆ ಎಸೆಯುವುದು, ಎರಡನೇ ಪಾಳಿ ಮುಗಿಸಿ ಬರುವಷ್ಟರಲ್ಲಿ ಬಾಗಿಲಿಗೆ ಬೇರೆ ಬೀಗ ಜಡಿಯುವುದು, ಇವೆಲ್ಲ ವಸೂಲಿಯಲ್ಲ, ದರ್ಪ.

ಕಾನೂನು ಕೂಡ ಇದನ್ನು ಒಪ್ಪುವುದಿಲ್ಲ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮನ್ನು ಎಲ್ಲರೂ ನೆನಪಿಡಿ. ಕಾನೂನಿನ ಕ್ರಮವಿಲ್ಲದೆ, ಒಪ್ಪಿಗೆಯಿಲ್ಲದೆ ಹೊರಹಾಕಲ್ಪಟ್ಟವನು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಬಾಡಿಗೆ ಬಾಕಿ ಇದೆ ಎಂಬುದು ಬೀಗ ಜಡಿಯಲು ಪರವಾನಗಿಯಲ್ಲ.

ನಮ್ಮ ರಾಜ್ಯದ 1961ರ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲಿ, ಬಾಕಿಗಾಗಿ ಬಿಡಿಸಬೇಕಾದರೆ ಲಿಖಿತ ನೋಟೀಸು ಕೊಟ್ಟು ಎರಡು ತಿಂಗಳ ಅವಕಾಶ ಕೊಡಬೇಕಾಗಿತ್ತು. ಅದರ ಬದಲಿಗೆ ಬಂದ 1999ರ ಬಾಡಿಗೆ ಕಾಯ್ದೆಯೂ ಎರಡು ತಿಂಗಳ ಅವಕಾಶವನ್ನು ಉಳಿಸಿತು. ಆದರೆ ಅದರ ಬೇಲಿಯನ್ನು ಗಮನಿಸಬೇಕು. ಪಟ್ಟಿಯಲ್ಲಿ ಹೆಸರಿಸಿದ ದೊಡ್ಡ ಊರುಗಳಲ್ಲಿ ತಿಂಗಳಿಗೆ 3500 ರೂಪಾಯಿ, ಉಳಿದೆಡೆ 2000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ಅದು ಹೊರಗಿಟ್ಟಿತು. ವ್ಯಾಪಾರದ ಮಳಿಗೆ 14 ಚದರ ಮೀಟರಿಗಿಂತ ದೊಡ್ಡದಾದರೆ ಅದೂ ಹೊರಗೆ. 14 ಚದರ ಮೀಟರೆಂದರೆ ಸುಮಾರು 150 ಚದರ ಅಡಿ, ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದ. ಉದ್ದ ಒಂದು ಅಡಿ ಹೆಚ್ಚಾದರೆ ವ್ಯಾಪಾರಿಗೆ ಆ ಕಾಯ್ದೆಯ ನೆರಳಿಲ್ಲ!

ಹೊರಗುಳಿದವರಿಗೆ ದಿಕ್ಕು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಬೇರೆ ಕರಾರಿಲ್ಲದಿದ್ದರೆ ತಿಂಗಳ ಬಾಡಿಗೆಯವನನ್ನು ಬಿಡಿಸಲು ಅದರಲ್ಲಿ 15 ದಿನಗಳ ನೋಟೀಸು ಸಾಕು. ಆದರೆ ಬ್ರಿಟಿಷರ ಕಾಲದ ಆ ಕಾಯ್ದೆಯಲ್ಲಿಯೂ 114ನೇ ಕಲಮಿದೆ. ಬಾಡಿಗೆ ಕೊಡಲಿಲ್ಲವೆಂಬ ಕಾರಣಕ್ಕೇ ಗುತ್ತಿಗೆ ರದ್ದು ಮಾಡಿ ದಾವೆ ಹೂಡಿದಾಗ, ವಿಚಾರಣೆಯ ಹೊತ್ತಿಗೆ ಬಾಕಿಯನ್ನು ಬಡ್ಡಿ ಖರ್ಚು ಸಹಿತ ಸಲ್ಲಿಸಿದರೆ ನ್ಯಾಯಾಲಯವು ಅವನನ್ನು ಅಲ್ಲಿಯೇ ಉಳಿಸಬಹುದು. ಪರರಾಜ್ಯದ ಕಾನೂನಿಗೇ ಇದ್ದಷ್ಟು ತಾಳ್ಮೆ ಪಕ್ಕದ ಮನೆಯ ಮಾಲೀಕನಿಗೆ ಇರಬೇಡವೆ?

ಕಾಗೋಡಿನ ಕೊಳಗ

ಗೇಣಿಯ ಲೆಕ್ಕ ಹೇಗೆ ಮನುಷ್ಯನ ಲೆಕ್ಕವಾಗುತ್ತದೆಂಬುದನ್ನು ಸಮಾಜವಾದಿ ಪಕ್ಷ 1951ರಲ್ಲಿಯೇ ನಾಡಿಗೆ ತೋರಿಸಿತು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಜಗಳದ ಒಂದು ಮೂಲ ಗೇಣಿ ಭತ್ತ ಅಳೆಯುವ ಕೊಳಗ. ಒಡೆಯರ ಕೊಳಗ ದೊಡ್ಡದು, ರೈತ ಕೇಳಿದ್ದು ಸರಿಯಾದ ಅಳತೆ. ಅಷ್ಟಕ್ಕೇ ಅವನನ್ನು ಭೂಮಿಯಿಂದ ಬಿಡಿಸಹೊರಟರು. ರೈತರು ಸತ್ಯಾಗ್ರಹ ಹೂಡಿದರು. ಆ ಜೂನ್‌ನಲ್ಲಿ ಡಾ. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. 1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿಯ ಭೂಮಿ ಉಳುವವನಿಗೆ ಸೇರುವ ದಾರಿಯಾಯಿತು. ಹಳ್ಳಿಯ ಗೇಣಿದಾರ ಪಡೆದ ಭದ್ರತೆಯಲ್ಲಿ ಕಾಲುಭಾಗವೂ ಪಟ್ಟಣದ ಬಾಡಿಗೆದಾರನಿಗೆ ಇಲ್ಲ.

ಪಟ್ಟಣದಲ್ಲಿಯೂ ದೊಡ್ಡ ಕೊಳಗವೊಂದಿದೆ. ಅದರ ಹೆಸರು ಅಡ್ವಾನ್ಸ್. ತಿಂಗಳಿಗೆ 3000 ರೂಪಾಯಿ ಬಾಡಿಗೆ, ಹತ್ತು ತಿಂಗಳ ಮುಂಗಡ 30,000 ರೂಪಾಯಿ ಎಂದಿಟ್ಟುಕೊಳ್ಳಿ. ಮೂರು ತಿಂಗಳು ಬಾಕಿ ಬಿದ್ದರೆ 9000. ಆಗಲೂ ಮಾಲೀಕನ ಕೈಯಲ್ಲಿ ಬಾಡಿಗೆದಾರನ 21,000 ರೂಪಾಯಿ ಉಳಿದಿರುತ್ತದೆ. ನೂರಕ್ಕೆ ಆರರಂತೆ ಹಿಡಿದರೂ ಮುಂಗಡದ ಬಡ್ಡಿ ವರ್ಷಕ್ಕೆ 1800 ರೂಪಾಯಿ, ಅದನ್ನು ಅನುಭವಿಸುವವನು ಮಾಲೀಕ. ಈಗ ಹೇಳಿ, ಇಬ್ಬರಲ್ಲಿ ಸಾಲಗಾರ ಯಾರು? ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಬೇಡವೆಂದು ಹೇಳಿತು. ಆದರೆ ಮಾದರಿ ಎಂದರೆ ಮಾದರಿ. ರಾಜ್ಯ ಅದನ್ನು ತನ್ನ ಕಾನೂನಾಗಿ ಮಾಡಿಕೊಂಡ ಕಡೆ ಮಾತ್ರ ಅದಕ್ಕೆ ಬಲ.

ಮಾಲೀಕನ ಧರ್ಮ

ಹಾಗಾದರೆ ಮಾಲೀಕ ಏನು ಮಾಡಬೇಕು? ನಾವು ಐದು ಮಾತು ಹೇಳುತ್ತೇವೆ.

ಒಂದು, ಮೊದಲು ಕೇಳಬೇಕು. "ಯಾಕೆ ಕೊಡಲಿಲ್ಲ?" ಎಂದು ಗದರಿಸುವುದಲ್ಲ, "ಏನಾಯಿತಪ್ಪಾ?" ಎಂದು ವಿಚಾರಿಸುವುದು. ಅದೂ ವಠಾರದ ನಡುವೆ ನಾಲ್ಕು ಜನ ಕೇಳುವಂತೆ ಅಲ್ಲ, ಒಳಗೆ ಕುಳಿತು.

ಎರಡು, ಬಾಡಿಗೆಯ ದಿನವನ್ನು ಸಂಬಳದ ದಿನದ ನಂತರಕ್ಕೆ ಇಡಬೇಕು. ಇದಕ್ಕೆ ಒಂದು ಕಾಸೂ ಖರ್ಚಿಲ್ಲ.

ಮೂರು, ಲೆಕ್ಕವನ್ನು ಬರೆದಿಡಬೇಕು, ಪಡೆದ ಪ್ರತಿ ರೂಪಾಯಿಗೂ ರಸೀದಿ ಕೊಡಬೇಕು. ಬಾಯಿಮಾತಿನ ಲೆಕ್ಕದಲ್ಲಿ ಬಲಿಯಾಗುವವನು ಬಡವನೇ.

ನಾಲ್ಕು, ಬಾಕಿಯನ್ನು ಕಂತು ಮಾಡಬೇಕು. ಮೂರು ತಿಂಗಳ ಬಾಕಿಯನ್ನು ಒಂದೇ ದಿನ ಕಕ್ಕಿಸಹೊರಟರೆ ಅವನು ಮೀಟರ್ ಬಡ್ಡಿಯವನ ಬಾಗಿಲಿಗೆ ಹೋಗುತ್ತಾನೆ. ಮುಂದಿನ ತಿಂಗಳ ಬಾಡಿಗೆಯನ್ನು ಆ ಬಡ್ಡಿ ನುಂಗುತ್ತದೆ. ಹಾಲ್ತಿ ಬಾಡಿಗೆಯ ಜೊತೆಗೆ ಕಾಲುಭಾಗ ಹೆಚ್ಚು ಕೊಟ್ಟರೆ ಮೂರು ತಿಂಗಳ ಬಾಕಿ ಹನ್ನೆರಡು ತಿಂಗಳಲ್ಲಿ ತೀರುತ್ತದೆ. ಮುಂಗಡ ದೊಡ್ಡದಿದ್ದರೆ ಅದರಲ್ಲಿಯೇ ಮುರಿದುಕೊಳ್ಳಬಹುದು.

ಐದು, ಸೋತವನ ಸೋಲನ್ನು ಲಾಭ ಮಾಡಿಕೊಳ್ಳಬಾರದು. ಬಾಕಿಯ ನೆಪ ಹಿಡಿದು ಹಳೆಯ ಬಾಡಿಗೆದಾರನನ್ನು ಓಡಿಸಿ ಹೊಸಬನಿಂದ ಹೆಚ್ಚು ಕೀಳುವುದು, ಬಾಕಿಯವನ ಹೆಂಡತಿಯನ್ನು ಮನೆಗೆಲಸಕ್ಕೆ ಕರೆಯುವುದು, ಇವುಗಳಿಗಿಂತ ಹೀನವಾದದ್ದಿಲ್ಲ.

"ಕೊಡುವ ಶಕ್ತಿಯಿದ್ದೂ ಕೊಡದವನ ಗತಿಯೇನು?" ಎಂದು ನಮ್ಮ ಮಾಲೀಕ ಮಿತ್ರರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅಂಥವನ ಮೇಲೆ ನೋಟೀಸು ಕೊಡಿ, ನ್ಯಾಯಾಲಯಕ್ಕೆ ಹೋಗಿ. ವಿಧವೆ ತಾಯಿಯ ಎರಡು ಕೋಣೆಯ ಬಾಡಿಗೆಯನ್ನು ತಿಂದು ಸಿನಿಮಾಕ್ಕೆ ಹೋಗುವವನಿಗೆ ನಮ್ಮ ಸಂಘದ ಬೆಂಬಲವಿಲ್ಲ. ಆದರೆ ಆರದ ಗಾಯದವನನ್ನೂ ನಟಿಸುವವನನ್ನೂ ಒಂದೇ ಕೋಲಿನಿಂದ ಹೊಡೆಯಬೇಡಿ. ಇಬ್ಬರನ್ನೂ ಬೇರ್ಪಡಿಸಲು ದಾರಿಯೊಂದೇ, ಮೊದಲು ಹೇಳಿದ ಆ ವಿಚಾರಣೆ.

ಬಾಡಿಗೆದಾರನ ಕರ್ತವ್ಯ, ಸಂಘದ ಕೆಲಸ

ಬಾಡಿಗೆದಾರ ಬಂಧುಗಳಿಗೂ ಒಂದು ಮಾತು. ಅವಿತುಕೊಳ್ಳಬೇಡಿ. ಮಗುವನ್ನು ಬಾಗಿಲಿಗೆ ಕಳುಹಿಸಬೇಡಿ. ಸಂಬಳ ತಪ್ಪುವುದೆಂದು ತಿಳಿದ ದಿನವೇ ನೀವಾಗಿ ಹೋಗಿ ಹೇಳಿ. ಇದ್ದಷ್ಟನ್ನು ಕೊಟ್ಟು ರಸೀದಿ ಪಡೆಯಿರಿ. ಒಬ್ಬರೇ ಹೋಗಲು ಸಂಕೋಚವಾದರೆ ಸಂಘದ ಇಬ್ಬರನ್ನು ಕರೆದುಕೊಂಡು ಹೋಗಿ.

ಒಬ್ಬೊಬ್ಬನಾಗಿ ನಿಂತರೆ ಬಾಕಿದಾರ, ಒಟ್ಟಾಗಿ ನಿಂತರೆ ನಾಗರಿಕ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಕಥೆ ಇದನ್ನೇ ಹೇಳುತ್ತದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ಮಾಲೀಕರು ಬಾಡಿಗೆ ಏರಿಸಿದರು. ಮೇರಿ ಬಾರ್ಬರ್ ಮೊದಲಾದ ಗೃಹಿಣಿಯರು ಮುಂದೆ ನಿಂತು ಏರಿಸಿದ ಬಾಡಿಗೆ ಕೊಡುವುದಿಲ್ಲವೆಂದು ಹಟ ಹಿಡಿದರು. 1915ರ ನವೆಂಬರ್ 17ರಂದು 18 ಮಂದಿ ಬಾಡಿಗೆದಾರರನ್ನು ಕೋರ್ಟಿಗೆ ಎಳೆದಾಗ ಸಾವಿರಾರು ಕಾರ್ಮಿಕರು ಕೆಲಸ ಬಿಟ್ಟು ಕೋರ್ಟಿನ ಮುಂದೆ ನೆರೆದರು. ಮೊಕದ್ದಮೆ ಕೈಬಿಡಲಾಯಿತು. ಆ ವರ್ಷ ಮುಗಿಯುವುದರೊಳಗೆ ಬಾಡಿಗೆಯನ್ನು ಯುದ್ಧಕ್ಕೆ ಮುಂಚಿನ ಮಟ್ಟದಲ್ಲಿ ನಿಲ್ಲಿಸುವ ಕಾನೂನು ಬಂದಿತು.

ನಮ್ಮ ಸಂಘದ ಕೆಲಸವೂ ಇಲ್ಲಿಂದಲೇ ಆರಂಭವಾಗಬೇಕು. ವಾರ್ಡಿಗೊಂದು ಪಂಚಾಯಿತಿ ಮಾಡೋಣ. ಅದರಲ್ಲಿ ಇಬ್ಬರು ಬಾಡಿಗೆದಾರರು, ಇಬ್ಬರು ಸಣ್ಣ ಮಾಲೀಕರು, ಒಬ್ಬ ವ್ಯಾಪಾರಿ ಇರಲಿ. ಬಾಕಿಯ ಜಗಳ ಬೀಗಕ್ಕೆ ಮುಟ್ಟುವ ಮೊದಲು ಅಲ್ಲಿಗೆ ಬರಲಿ. ಮುಂಗಡಕ್ಕೆ ಮಿತಿ ಹಾಕುವ, 2000 ಮತ್ತು 3500ರ ಬೇಲಿಯನ್ನು ಕೀಳುವ ಕಾನೂನಿಗಾಗಿ ಶಾಸಕರ ಮೇಲೆ ಒತ್ತಾಯ ತರೋಣ. ಸಂಬಳ ತಡೆದ ಗಿರಣಿಯ ಗೇಟಿಗೆ ಬಾಡಿಗೆದಾರನೂ ಸಣ್ಣ ಮಾಲೀಕನೂ ಜೊತೆಯಾಗಿ ಹೋಗಲಿ, ಏಕೆಂದರೆ ಇಬ್ಬರ ಹಣವೂ ಸಿಕ್ಕಿಕೊಂಡಿರುವುದು ಅಲ್ಲಿಯೇ.

ಮನೆ ಕಟ್ಟಿಸಿದವನದು ಗೋಡೆ. ಆ ಗೋಡೆಯೊಳಗೆ ನಡೆಯುವ ಬಾಳು ಅವನ ಆಸ್ತಿಯಲ್ಲ. ಬಾಕಿಯನ್ನು ವಸೂಲು ಮಾಡಿ, ಬಾಳಿಗೆ ಬೀಗ ಹಾಕಬೇಡಿ. ಇದಿಷ್ಟೇ ನಮ್ಮ ಕೋರಿಕೆ.