ನೋಟೀಸು ಬಂದರೆ ಹೆದರಬೇಡಿ, ಹಿಂದಕ್ಕೂ ಕಳಿಸಬೇಡಿ

(ರೈತರ ಕೂಟದಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಈ ದಿನ ರಾಗಿಯ ಬೀಜೋಪಚಾರದ ವಿಷಯ ಹೇಳಬೇಕೆಂದು ಗೊತ್ತುಮಾಡಿಕೊಂಡಿದ್ದೆ. ಆದರೆ ಕಳೆದ ಎರಡು ತಿಂಗಳಲ್ಲಿ ಮೂರು ಮನೆಯವರು ನನ್ನನ್ನು ಹುಡುಕಿಕೊಂಡು ಬಂದು ಕೇಳಿದ್ದು ಬೀಜದ ಮಾತಲ್ಲ, ಗೊಬ್ಬರದ ಮಾತೂ ಅಲ್ಲ. ಬಾಡಿಗೆ ಮನೆಯ ನೋಟೀಸಿನ ಮಾತು. ಬೀಜದ ವಿಷಯವನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳೋಣ. ನಾನು ವಕೀಲನಲ್ಲ, ವ್ಯವಸಾಯದ ಡಿಪ್ಲೊಮಾ ಓದಿದವನು. ಕಾಯಿದೆಯನ್ನು ಓದಿ, ತಿಳಿದವರನ್ನು ಕೇಳಿ ಅರಿತುಕೊಂಡಷ್ಟನ್ನು ತಮ್ಮ ಮುಂದೆ ಇಡುತ್ತೇನೆ.

ಬೇಸಾಯಗಾರರಿಗೂ ಬಾಡಿಗೆ ಮನೆಗೂ ಏನು ಸಂಬಂಧ ಎಂದು ತಾವು ಕೇಳಬಹುದು. ಸಂಬಂಧ ಉಂಟು. ರಸ್ತೆಯ ಬದಿಗೆ ಮನೆ ಇರುವವರು ಮುಂದಿನ ಕೋಣೆಯನ್ನು ಅಂಗಡಿಗೆ ಕೊಟ್ಟಿದ್ದೀರಿ. ಕೆಲವರು ಮೇಷ್ಟರಿಗೆ, ದಾದಿಯರಿಗೆ ಮನೆ ಕೊಟ್ಟಿದ್ದೀರಿ. ಇನ್ನು ಕೆಲವರು ಮಕ್ಕಳ ಓದಿಗಾಗಿ ಪಟ್ಟಣದಲ್ಲಿ ಮನೆ ಹಿಡಿದಿದ್ದೀರಿ. ಒಂದೇ ಮನೆತನದವರು ಊರಿನಲ್ಲಿ ಮಾಲೀಕರು, ಪಟ್ಟಣದಲ್ಲಿ ಬಾಡಿಗೆದಾರರು. ಆದುದರಿಂದ ಎರಡು ಕಡೆಯ ಮಾತೂ ನಿಮಗೆ ಬೇಕು.

ಕೈಗೆ ತೆಗೆದುಕೊಂಡರೆ ಒಪ್ಪಿದಂತಲ್ಲ

ಮೊದಲು ನಡೆದ ಸಂಗತಿಯೊಂದನ್ನು ಹೇಳುತ್ತೇನೆ. ಹೆಸರು ಬೇಡ, ಊರೂ ಬೇಡ. ರೈತರೊಬ್ಬರು ಮಗಳನ್ನು ಪಿ.ಯು.ಸಿ.ಗೆ ಸೇರಿಸಿ, ಪಟ್ಟಣದಲ್ಲಿ ತಿಂಗಳಿಗೆ ನಾಲ್ಕು ಸಾವಿರ ರೂಪಾಯಿಗೆ ಎರಡು ಕೋಣೆಯ ಮನೆ ಹಿಡಿದರು. ಅಡಿಗೆಗೆಂದು ಹುಡುಗಿಯ ಅಜ್ಜಿ ಜೊತೆಗಿದ್ದರು. ಸಂತೆಗೆ ಹೋದಾಗ ಇವರು ಬಾಡಿಗೆಯನ್ನು ಕೈಯಲ್ಲೇ ಕೊಟ್ಟು ಬರುತ್ತಿದ್ದರು. ಮನೆಯ ಯಜಮಾನರು ವಯಸ್ಸಾದವರು, ನಂಬಿಕೆಯವರು. ಇವರು ರಸೀತಿ ಕೇಳಲಿಲ್ಲ, ಅವರು ಕೊಡಲಿಲ್ಲ.

ಐದು ತಿಂಗಳಾದ ಮೇಲೆ ಆ ಹಿರಿಯರು ತೀರಿಕೊಂಡರು. ಮಗನ ಕೈಗೆ ಮನೆ ಬಂತು. ಲೆಕ್ಕದ ಪುಸ್ತಕದಲ್ಲಿ ಏನೂ ಬರೆದಿರಲಿಲ್ಲ. ಐದು ತಿಂಗಳ ಬಾಡಿಗೆ ಬಾಕಿ ಇದೆ, ಮನೆ ಬಿಡಿ ಎಂದು ಆತ ವಕೀಲರಿಂದ ನೋಟೀಸು ಕಳಿಸಿದ. ಅಂಚೆಯವರು ಊರಿಗೆ ಬಂದು ಲಕೋಟೆಯನ್ನು ನೀಡಿದಾಗ ನಮ್ಮ ರೈತರು, "ನನಗೆ ಬೇಡ, ತಗೊಂಡು ಹೋಗಪ್ಪ" ಎಂದುಬಿಟ್ಟರು. ಆಮೇಲೆ ಬಾಡಿಗೆ ಕೊಡಲು ಹೋದರೆ ಆತ ತೆಗೆದುಕೊಳ್ಳಲಿಲ್ಲ. ಇವರೂ ಸುಮ್ಮನಾದರು. ಕೋರ್ಟಿನಿಂದ ಸಮನ್ಸು ಬಂತು, ಅದನ್ನೂ ಮುಟ್ಟಲಿಲ್ಲ. ಅಮೀನರು ಬಾಗಿಲಿಗೆ ಅಂಟಿಸಿಹೋದರು. ಒಂದು ಕಡೆಯ ಮಾತನ್ನೇ ಕೇಳಿ ಕೋರ್ಟು ತೀರ್ಪು ಕೊಟ್ಟಿತು. ಹುಡುಗಿ ಎರಡನೆಯ ವರ್ಷದ ಪರೀಕ್ಷೆಗೆ ಕುಳಿತುಕೊಳ್ಳಲು ಒಂದು ತಿಂಗಳಿದೆ ಎನ್ನುವಾಗ ಅಮೀನರು ಬಂದು ನಿಂತರು. ಮಂಚ, ಪಾತ್ರೆ, ಪುಸ್ತಕದ ಗಂಟು ಬೀದಿಗೆ ಬಂದವು. ಕೊಟ್ಟಿದ್ದ ಐದು ತಿಂಗಳ ಬಾಡಿಗೆಯನ್ನು ಎರಡನೆಯ ಸಲ ಕೊಡಬೇಕಾಯಿತು.

"ಆ ದಿನ ಲಕೋಟೆಯನ್ನು ಯಾಕೆ ತೆಗೆದುಕೊಳ್ಳಲಿಲ್ಲ?" ಎಂದು ನಾನು ಕೇಳಿದೆ. ಅವರು ಹೇಳಿದ್ದು ಇಷ್ಟೇ: "ಈಸ್ಕೊಂಡ್ರೆ ಒಪ್ಕೊಂಡಂಗೆ ಅಲ್ವಾ ಸಾಮಿ?"

ಬಾಂಧವರೇ, ಈ ಒಂದು ತಪ್ಪು ತಿಳಿವಳಿಕೆಯನ್ನು ನಮ್ಮ ಹಳ್ಳಿಗಳಿಂದ ಕಿತ್ತುಹಾಕಬೇಕೆಂದೇ ನಾನು ಈ ದಿನ ಮಾತಾಡುತ್ತಿದ್ದೇನೆ. ನೋಟೀಸನ್ನು ತೆಗೆದುಕೊಂಡರೆ ಅದರಲ್ಲಿ ಬರೆದದ್ದನ್ನು ಒಪ್ಪಿದಂತೆ ಆಗುವುದಿಲ್ಲ. ಆದರೆ ತೆಗೆದುಕೊಳ್ಳದೆ ಹಿಂದಕ್ಕೆ ಕಳಿಸಿದರೆ, ತಲುಪಿದಂತೆಯೇ ಆಗುತ್ತದೆ. ಸರಿಯಾದ ವಿಳಾಸ ಬರೆದು, ಅಂಚೆ ಖರ್ಚು ಕಟ್ಟಿ, ರಿಜಿಸ್ಟರ್ ಮಾಡಿ ಕಳಿಸಿದ ಕಾಗದ ತಲುಪಿದೆ ಎಂದೇ ಭಾವಿಸಬೇಕೆಂದು 1897ರ ಜನರಲ್ ಕ್ಲಾಸಸ್ ಕಾಯಿದೆಯ 27ನೆಯ ಕಲಮು ಹೇಳುತ್ತದೆ. ಅಂಚೆಯವರು "ನಿರಾಕರಿಸಿದ್ದಾರೆ" ಎಂದು ಷರಾ ಬರೆದರೆ ಕಾಗದ ಮುಟ್ಟಿದಂತೆಯೇ, ಅದರಲ್ಲಿದ್ದ ವಿಷಯವೂ ತಿಳಿದಂತೆಯೇ ಎಂದು 1981ರಲ್ಲಿ ಸುಪ್ರೀಂ ಕೋರ್ಟು ಒಂದು ಬಾಡಿಗೆ ಮೊಕದ್ದಮೆಯಲ್ಲೇ ಹೇಳಿದೆ. ಅಂಚೆಯವರು ಬರಲೇ ಇಲ್ಲ, ಷರಾ ಸುಳ್ಳು ಎಂದಾದರೆ ಅದನ್ನು ಸಾಬೀತು ಮಾಡಲು ಅವಕಾಶವುಂಟು. ಆದರೆ ಆ ಭಾರ ನಿಮ್ಮ ಮೇಲೆ.

ಆ ರೈತರು ಲಕೋಟೆ ಒಡೆದು ಓದಿಸಿದ್ದರೆ, "ಐದು ತಿಂಗಳ ಬಾಕಿ" ಎಂಬ ಮಾತು ಅದೇ ದಿನ ಕಣ್ಣಿಗೆ ಬೀಳುತ್ತಿತ್ತು. ಕೊಟ್ಟದ್ದನ್ನು ನೋಡಿದ ನೆರೆಯವರು ಇದ್ದರು. ಉತ್ತರ ಬರೆಯಬಹುದಿತ್ತು. ಏನೂ ಇಲ್ಲದಿದ್ದರೂ ಪರೀಕ್ಷೆ ಮುಗಿಯುವವರೆಗೆ ಕಾಲಾವಕಾಶ ಕೇಳಬಹುದಿತ್ತು.

ನೋಟೀಸು ಕೊಡುವವರು ತಿಳಿಯತಕ್ಕದ್ದು

ಹಳ್ಳಿಯ ಬಾಡಿಗೆ ಮನೆಗೂ ಅಂಗಡಿಗೂ ಸಾಮಾನ್ಯವಾಗಿ ಅನ್ವಯಿಸುವುದು 1882ರ ಸ್ವತ್ತು ಹಸ್ತಾಂತರ ಕಾಯಿದೆ. ಅದರ 106ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಅವಧಿ ಬರೆಯದೆ ಇದ್ದರೆ, ತಿಂಗಳ ಬಾಡಿಗೆಯ ಮನೆಯನ್ನು ಬಿಡಿಸಲು ಹದಿನೈದು ದಿನಗಳ ನೋಟೀಸು ಬೇಕು. ತಯಾರಿಕೆಯ ಕೆಲಸಕ್ಕೆ ಕೊಟ್ಟ ಕಟ್ಟಡವಾದರೆ ಆರು ತಿಂಗಳು. ಈ ದಿನಗಳನ್ನು ನೋಟೀಸು ಬರೆದ ದಿನದಿಂದ ಎಣಿಸಬಾರದು. ತಲುಪಿದ ದಿನದಿಂದ ಎಣಿಸಬೇಕು. ಹಿಂದೆ ಬಾಡಿಗೆ ತಿಂಗಳ ಕೊನೆಗೆ ಸರಿಯಾಗಿ ಅವಧಿ ಮುಗಿಯಬೇಕೆಂಬ ಕಟ್ಟುನಿಟ್ಟು ಇತ್ತು. 2002ರ ತಿದ್ದುಪಡಿ ಅದನ್ನು ತೆಗೆದುಹಾಕಿತು.

ಬಾಡಿಗೆದಾರರು ತಾವಾಗಿ ಮನೆ ಬಿಡುವಾಗಲೂ ಇದೇ ನಿಯಮ. ಹೇಳದೆ ಕೇಳದೆ ಬೀಗದ ಕೈಯನ್ನು ಪಕ್ಕದ ಮನೆಯಲ್ಲಿಟ್ಟು ಹೋದರೆ, ಮುಂಗಡದ ಹಣಕ್ಕೆ ಜಗಳ ತಪ್ಪದು.

ನೋಟೀಸನ್ನು ಬರವಣಿಗೆಯಲ್ಲೇ ಕೊಡಬೇಕು. ಕೊಡುವವರ ಇಲ್ಲವೇ ಅವರ ಪರವಾಗಿ ಬರೆಯುವವರ ರುಜು ಇರಬೇಕು. ತಲುಪಿಸುವ ದಾರಿಗಳು ಇವು:

1. ಅಂಚೆಯ ಮೂಲಕ. 2025ರಲ್ಲಿ ಅಂಚೆ ಇಲಾಖೆ ರಿಜಿಸ್ಟರ್ ಟಪಾಲನ್ನು ಸ್ಪೀಡ್ ಪೋಸ್ಟಿನಲ್ಲಿ ಸೇರಿಸಿತು. ಆದುದರಿಂದ ಕಿಟಕಿಯಲ್ಲಿ, "ಸ್ಪೀಡ್ ಪೋಸ್ಟ್, ರಿಜಿಸ್ಟ್ರೇಷನ್ ಸಹಿತ, ತಲುಪಿದ್ದಕ್ಕೆ ಪುರಾವೆ ಬೇಕು" ಎಂದು ಬಾಯಿಬಿಟ್ಟು ಕೇಳಿ. ರಸೀತಿಯನ್ನು ಜೋಪಾನ ಮಾಡಿ.

2. ಖುದ್ದಾಗಿ ಅವರ ಕೈಗೆ. ಎರಡು ಪ್ರತಿ ಬರೆದು, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ತಾರೀಖು ಸಹಿತ ರುಜು ಪಡೆಯಿರಿ.

3. ಅವರು ಇಲ್ಲದಿದ್ದರೆ, ಅವರು ವಾಸಿಸುವ ಮನೆಯಲ್ಲಿ ಕುಟುಂಬದವರೊಬ್ಬರ ಕೈಗೆ, ಇಲ್ಲವೇ ಆಳಿನ ಕೈಗೆ.

4. ಹೀಗೆ ಕೊಡುವುದು ಸಾಧ್ಯವಾಗದೆ ಹೋದರೆ ಮಾತ್ರ, ಬಾಡಿಗೆಯ ಮನೆಯ ಮೇಲೆ ಎದ್ದುಕಾಣುವ ಜಾಗದಲ್ಲಿ ಅಂಟಿಸುವುದು. ಊರಿನ ಇಬ್ಬರನ್ನು ಕರೆದುಕೊಂಡು ಹೋಗಿ ಅವರ ಮುಂದೆ ಅಂಟಿಸಿ, ಅವರ ರುಜು ತೆಗೆದುಕೊಳ್ಳಿ; ಫೋಟೋವನ್ನೂ ಹಿಡಿದಿಡಿ.

ಅರಳಿಕಟ್ಟೆಯ ಮೇಲೆ ನಾಲ್ಕು ಜನರ ಮುಂದೆ ಹೇಳಿದ್ದು ನೋಟೀಸಲ್ಲ. ಮೊಬೈಲಿನಲ್ಲಿ ಕಳಿಸಿದ್ದನ್ನೇ ನಂಬಿ ಕುಳಿತುಕೊಳ್ಳುವುದೂ ಕ್ಷೇಮವಲ್ಲ. ಕಳಿಸಿದರೂ ಅಂಚೆಯ ದಾರಿಯನ್ನು ಬಿಡಬೇಡಿ.

ಬೀಗ ಜಡಿದ ತಾಯಿಯ ಕಥೆ

ನನಗೆ ಪರಿಚಯದ ತಾಯಿಯೊಬ್ಬರು, ಗಂಡ ಇಲ್ಲದವರು, ರಸ್ತೆಯ ಕೋಣೆಯನ್ನು ಅಂಗಡಿಗೆ ಕೊಟ್ಟಿದ್ದರು. ಮಗನ ಮದುವೆ ಗೊತ್ತಾಯಿತು, ಕೋಣೆ ಬೇಕಾಯಿತು. ಒಂದು ವರ್ಷ ಬಾಯಿಮಾತಿನಲ್ಲಿ ಹೇಳಿದರು. "ಆಗಲಿ ಅಮ್ಮ, ಮುಂದಿನ ತಿಂಗಳು" ಎಂದು ಅಂಗಡಿಯವರು ಪ್ರತಿ ಸಲವೂ ಹೇಳಿದರು. ಕೊನೆಗೆ ನೆಂಟರ ಮಾತು ಕೇಳಿ, ಒಂದು ರಾತ್ರಿ ಅಂಗಡಿಯ ಬೀಗದ ಮೇಲೆ ತಮ್ಮ ಬೀಗ ಹಾಕಿಸಿಬಿಟ್ಟರು. ಬೆಳಗಾದರೆ ಅಂಗಡಿಯವರು ಪೊಲೀಸರ ಬಳಿಗೆ ಹೋಗುತ್ತೇನೆ ಎಂದರು. ಒಳಗೆ ಅವರ ಸಾಮಾನು, ಸಾಲದ ಪುಸ್ತಕ, ಹಾಲಿನ ಹಣ ಎಲ್ಲ ಇತ್ತು.

ಆ ತಾಯಿಗೆ ಕೋಣೆ ಬೇಕಾಗಿದ್ದದ್ದು ನ್ಯಾಯವೇ. ಆದರೆ ಬೀಗ ಹಾಕಿದ ಗಳಿಗೆಯಲ್ಲಿ ತಪ್ಪು ಅವರ ಕಡೆಗೆ ಬಂತು. ಕಾನೂನಿನ ದಾರಿ ಬಿಟ್ಟು ಒಬ್ಬರನ್ನು ಸ್ವಾಧೀನದಿಂದ ಹೊರಹಾಕಿದರೆ, ಅವರು ಆರು ತಿಂಗಳೊಳಗೆ ದಾವಾ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದೆಂದು 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೆಯ ಕಲಮು ಹೇಳುತ್ತದೆ. ಮನೆ ಯಾರದ್ದು ಎಂಬ ಪ್ರಶ್ನೆ ಆಗ ಏಳುವುದೇ ಇಲ್ಲ. ಕರೆಂಟು ಕೀಳುವುದು, ನೀರು ನಿಲ್ಲಿಸುವುದು, ಹಂಚು ತೆಗೆಸುವುದು, ಇವೆಲ್ಲವೂ ಇದೇ ಜಾತಿಯ ಕೆಲಸ.

ನಾನು ಆ ತಾಯಿಗೆ, "ಅಮ್ಮ, ಮೊದಲು ಬೀಗ ತೆಗೆಸಿ, ಆಮೇಲೆ ಕಾಗದ ಬರೆಯೋಣ" ಎಂದೆ. ಒಂದು ದಿನ ನನ್ನ ಮೇಲೆ ಸಿಟ್ಟಾಗಿದ್ದರು. ಮರುದಿನ ಬೀಗ ತೆಗೆಸಿದರು. ವಕೀಲರೊಬ್ಬರು ನೋಡಿಕೊಟ್ಟ ನೋಟೀಸು ಹೀಗಿತ್ತು. ತಾರೀಖು, ಹೆಸರುಗಳನ್ನು ಬಿಟ್ಟಿದ್ದೇನೆ:

"ನಮ್ಮ ಗ್ರಾಮದ ಮನೆ ನಂಬರು ಇಷ್ಟರ, ರಸ್ತೆಯ ಕಡೆಯ ಕೋಣೆಯನ್ನು ತಾವು ತಿಂಗಳಿಗೆ ಇಷ್ಟು ರೂಪಾಯಿ ಬಾಡಿಗೆಗೆ ಅನುಭವಿಸುತ್ತಿದ್ದೀರಿ. ಈ ಕೋಣೆ ನಮ್ಮ ಕುಟುಂಬದ ಸ್ವಂತ ಉಪಯೋಗಕ್ಕೆ ಬೇಕಾಗಿದೆ. ಈ ನೋಟೀಸು ತಮಗೆ ತಲುಪಿದ ಹದಿನೈದು ದಿನಗಳು ಮುಗಿದೊಡನೆ ತಮ್ಮ ಬಾಡಿಗೆ ಹಕ್ಕು ಕೊನೆಗೊಳ್ಳುತ್ತದೆ. ಆ ವೇಳೆಗೆ ಕೋಣೆಯನ್ನು ಖಾಲಿ ಮಾಡಿ ನನ್ನ ವಶಕ್ಕೆ ಕೊಡಬೇಕು. ತಾವು ಕೊಟ್ಟಿರುವ ಮುಂಗಡ ಹಣವನ್ನು, ಬಾಕಿ ಇದ್ದರೆ ಕಳೆದು, ಅದೇ ದಿನ ಹಿಂದಿರುಗಿಸುತ್ತೇನೆ."

ಗಮನಿಸಿ: ಬೈಗುಳವಿಲ್ಲ, ಬೆದರಿಕೆಯಿಲ್ಲ. ಯಾವ ಮನೆ, ಎಷ್ಟು ಬಾಡಿಗೆ, ಯಾವಾಗ ಬಿಡಬೇಕು, ಹಣದ ಗತಿ ಏನು, ಇಷ್ಟೇ. ಅಂಗಡಿಯವರು ಎರಡು ತಿಂಗಳು ಕೇಳಿದರು. ಅದನ್ನೂ ಬರವಣಿಗೆಯಲ್ಲೇ ಒಪ್ಪಿಕೊಂಡು, ಮದುವೆಗೆ ಮೊದಲೇ ಬಿಟ್ಟುಕೊಟ್ಟರು. ಮದುವೆಯ ಊಟಕ್ಕೂ ಬಂದರು.

ಹಾಗೆ ಒಪ್ಪಂದವಾಗದೆ ಅವಧಿ ಮುಗಿದು, ಬಾಡಿಗೆದಾರರು ಬಿಡದಿದ್ದರೆ, ಮುಂದಿನ ದಾರಿ ಕೋರ್ಟು, ಬೀಗವಲ್ಲ. ಅವಧಿ ಮುಗಿದ ಮೇಲೆ ಮೊದಲಿನಂತೆ ಬಾಡಿಗೆ ಪಡೆಯುತ್ತ ಹೋದರೆ, ಮಾಲೀಕರು ನೋಟೀಸನ್ನು ಕೈಬಿಟ್ಟರೆಂದು ವಾದ ಹೂಡಲು ದಾರಿಯಾಗುತ್ತದೆ. ಆದುದರಿಂದ ಯಾವ ಬಾಬಿಗೆ ಹಣ ಪಡೆದಿರೆಂದು ರಸೀತಿಯಲ್ಲಿ ಸ್ಪಷ್ಟವಾಗಿ ಬರೆಯಿರಿ.

ನೋಟೀಸು ಬಂದವರು ಮಾಡತಕ್ಕದ್ದು

ಇಲ್ಲಿ ನನ್ನ ಮಾತನ್ನೂ ಹೇಳಬೇಕು. ನಾನೂ ಬಾಡಿಗೆದಾರನೇ. ಹೋದ ವರ್ಷ ನಾಟಿಯ ಕಾಲದಲ್ಲಿ ನಾನಿದ್ದ ಕೋಣೆಯ ಯಜಮಾನರು ನನ್ನ ಕೈಗೇ ನೋಟೀಸು ಕೊಟ್ಟರು. ಪ್ರತಿ ದಿನ ಜಗುಲಿಯ ಮೇಲೆ ಕುಳಿತು ಮಾತಾಡಿದವರು ಹೀಗೆ ಕಾಗದ ಕೊಡುವುದೇ ಎಂದು ನನಗೆ ಅವಮಾನವಾಯಿತು. ಮೂರು ದಿನ ಅವರೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ನಿಧಾನವಾಗಿ ಓದಿದೆ. ಮಳೆಗೆ ಗೋಡೆ ಬಿರುಕು ಬಿಟ್ಟಿದೆ, ಮಾಡು ಬಿಚ್ಚಿ ಕಟ್ಟಬೇಕು ಎಂದಿತ್ತು. ತಿಂಗಳ ಕೊನೆಯವರೆಗೆ ಅವಕಾಶ ಕೇಳಿ ಬರೆದುಕೊಟ್ಟೆ, ಒಪ್ಪಿದರು. ಬಾಯಿಮಾತಿನಲ್ಲಿ ಹೇಳಿದ್ದರೆ ಇಬ್ಬರೂ ದಿನ ದೂಡುತ್ತಿದ್ದೆವು, ಗೋಡೆ ಕಾಯುತ್ತಿರಲಿಲ್ಲ. ನೋಟೀಸು ಬೈಗುಳವಲ್ಲ. ಇಬ್ಬರಿಗೂ ಒಂದು ತಾರೀಖನ್ನು ಗೊತ್ತುಮಾಡಿಕೊಡುವ ಕಾಗದ ಅದು.

ಆದುದರಿಂದ ನೋಟೀಸು ಬಂದರೆ ಕೈಯೊಡ್ಡಿ ತೆಗೆದುಕೊಳ್ಳಿ. ಬಂದ ತಾರೀಖನ್ನು ಲಕೋಟೆಯ ಮೇಲೆ ಬರೆದಿಡಿ, ಲಕೋಟೆಯನ್ನು ಎಸೆಯಬೇಡಿ. ಓದು ಬಾರದಿದ್ದರೆ ಓದಬಲ್ಲವರಿಂದ ಪೂರ್ತಿ ಓದಿಸಿ. ಬಾಡಿಗೆ, ಬಾಕಿ, ಮುಂಗಡದ ಅಂಕಿಗಳು ಸರಿಯೇ ನೋಡಿ. ತಪ್ಪಿದ್ದರೆ ತಪ್ಪೆಂದು, ಕಾಲ ಬೇಕಾದರೆ ಬೇಕೆಂದು, ಅವಧಿಯೊಳಗೆ ಉತ್ತರ ಕಳಿಸಿ. ಮಾಲೀಕರು ಬಾಡಿಗೆ ಬೇಡವೆಂದರೂ ಬ್ಯಾಂಕಿನ ಮೂಲಕವೋ ಮನಿಯಾರ್ಡರಿನಲ್ಲೋ ಕಳಿಸಿ, ಗುರುತು ಉಳಿಯುವಂತೆ ಮಾಡಿ. ಕೋರ್ಟಿನ ಸಮನ್ಸು ಬಂದರಂತೂ ಒಂದು ದಿನವನ್ನೂ ಕಳೆಯಬೇಡಿ.

ಎರಡು ಎಚ್ಚರಿಕೆ. ಪಟ್ಟಣಗಳಲ್ಲಿ ಕಡಿಮೆ ಬಾಡಿಗೆಯ ಕೆಲವು ಮನೆಗಳಿಗೆ 1999ರ ಕರ್ನಾಟಕ ಬಾಡಿಗೆ ಅಧಿನಿಯಮ ಅನ್ವಯಿಸುತ್ತದೆ. ಅಲ್ಲಿ ಬಿಡಿಸಲು ಬೇರೆ ಕಾರಣಗಳನ್ನು ತೋರಿಸಬೇಕು. ನಿಮ್ಮ ಮನೆ ಯಾವುದರೊಳಗೆ ಬರುತ್ತದೆಂದು ಕೇಳಿ ತಿಳಿಯಿರಿ. ಇನ್ನು ಬೇಸಾಯದ ಜಮೀನಿನ ಗೇಣಿಯ ಮಾತೇ ಬೇರೆ. ಅದಕ್ಕೆ 1961ರ ಭೂಸುಧಾರಣಾ ಕಾಯಿದೆಯೂ 1974ರ ತಿದ್ದುಪಡಿಯೂ ಇವೆ. ಈ ದಿನ ನಾನು ಹೇಳಿದ್ದನ್ನು ಜಮೀನಿಗೆ ಅಂಟಿಸಬೇಡಿ.

ವಕೀಲರಿಗೆ ಹಣವೆಲ್ಲಿ ಎನ್ನುವವರಿಗೆ ಒಂದು ಮಾತು. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಉಂಟು. 1987ರ ಕಾಯಿದೆಯಂತೆ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ವರಮಾನ ಕಡಿಮೆಯಿರುವವರಿಗೆ ವಕೀಲರ ನೆರವು ಉಚಿತ. 15100 ಎಂಬ ನಂಬರಿಗೆ ಫೋನು ಮಾಡಿಯೂ ಕೇಳಬಹುದು.

ಪಹಣಿ, ಕಂದಾಯದ ರಸೀತಿ ಇಡುವ ಪೆಟ್ಟಿಗೆ ನಿಮ್ಮೆಲ್ಲರ ಮನೆಯಲ್ಲಿದೆ. ಇಂದಿನಿಂದ ಬಾಡಿಗೆಯ ರಸೀತಿಯೂ ನೋಟೀಸಿನ ಲಕೋಟೆಯೂ ಅದರಲ್ಲೇ ಸೇರಲಿ. ಈಗ ಯಾರಿಗಾದರೂ ಇಂಥ ಕಾಗದ ಬಂದಿದ್ದರೆ ಸಂಕೋಚ ಬೇಡ. ಕೂಟ ಮುಗಿದ ಮೇಲೆ ತೋರಿಸಿ, ಕುಳಿತು ಓದೋಣ. ಮುಂದಿನ ವಾರ ಬರುವಾಗ ಮನೆಗೆ ಒಂದು ಸೇರು ಬಿತ್ತನೆ ರಾಗಿ ತನ್ನಿ. ಉಪಚಾರ ಮಾಡಿ ತೋರಿಸುತ್ತೇನೆ.