ಹಿರಿಯರಿಗೆ ಊರಿನ ಮಣ್ಣು



ಟಿ. ದಾಸರಹಳ್ಳಿಯ ಸುತ್ತಮುತ್ತ, ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯಲು ದೂರದ ಊರುಗಳಿಂದ ಬಂದ ಅನೇಕ ಕುಟುಂಬಗಳಿವೆ. ಅವರಲ್ಲಿ ಯಾರಾದರೂ ತೀರಿಕೊಂಡರೆ, ಸಾಲ ಮಾಡಿಯಾದರೂ ದೇಹವನ್ನು ಹುಟ್ಟೂರಿಗೆ ಒಯ್ಯಲು ಮನೆಯವರು ಹಂಬಲಿಸುತ್ತಾರೆ. ತಮ್ಮವರ ಕೈಯಿಂದಲೇ ಮಣ್ಣಾಗಬೇಕೆಂಬುದು ಮನುಷ್ಯಸಹಜವಾದ ಆಸೆ. ಹಾಗಾದರೆ, ಹೊರದೇಶದ ವಸ್ತುಸಂಗ್ರಹಾಲಯಗಳ ಕಪಾಟುಗಳಲ್ಲಿ ಹಲವು ದಶಕಗಳಿಂದ ಇರುವ ಹಿರಿಯರ ತಲೆಬುರುಡೆಗಳ ಗತಿಯೇನು?

ಈ ಪ್ರಶ್ನೆಯನ್ನು ನಮ್ಮ ದೇಶದ ಈಶಾನ್ಯ ಭಾಗದ ನಾಗಾ ಜನರು ಎತ್ತಿದ್ದಾರೆ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿರುವ ಪಿಟ್ ರಿವರ್ಸ್ ವಸ್ತುಸಂಗ್ರಹಾಲಯದಲ್ಲಿ ಸುಮಾರು 6,500 ನಾಗಾ ವಸ್ತುಗಳಿವೆ. ಅವುಗಳ ನಡುವೆ ಮಾನವ ಅವಶೇಷಗಳೂ ಇವೆ. ನಾಗಾ ಬೆಟ್ಟಗಳಲ್ಲಿ ಬ್ರಿಟಿಷ್ ಅಧಿಕಾರಿಗಳಾಗಿದ್ದ ಜೆ. ಎಚ್. ಹಟನ್, ಜೆ. ಪಿ. ಮಿಲ್ಸ್ ಮುಂತಾದವರು ಈ ಸಂಗ್ರಹವನ್ನು ಬೆಳೆಸಿದರು. ತಲೆಬುರುಡೆಯನ್ನು ಅಳೆದು ಜನಾಂಗಗಳ ಮೇಲುಕೀಳನ್ನು ನಿರ್ಣಯಿಸಬಹುದೆಂದು ಪಶ್ಚಿಮದ ಅನೇಕ ಪಂಡಿತರು ನಂಬಿದ್ದ ಕಾಲವೊಂದಿತ್ತು. ಆ ನಂಬಿಕೆ ಸುಳ್ಳೆಂದು ವಿಜ್ಞಾನವೇ ತೋರಿಸಿತು. ಆದರೂ ಬುರುಡೆಗಳು ಕಪಾಟುಗಳಲ್ಲಿಯೇ ಉಳಿದವು.

2020ರಲ್ಲಿ ಆ ಸಂಸ್ಥೆ ಮಾನವ ಅವಶೇಷಗಳನ್ನು ಪ್ರದರ್ಶನದಿಂದ ತೆಗೆಯಿತು. ಹಿಂದಿರುಗಿಸುವ ಮಾತುಕತೆಗೂ ಚಾಲನೆ ದೊರೆಯಿತು. 2024ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಹರಾಜು ಸಂಸ್ಥೆಯೊಂದು ನಾಗಾ ತಲೆಬುರುಡೆಯೊಂದನ್ನು ಮಾರಾಟಕ್ಕೆ ಇಟ್ಟಿತು. ನಾಗಾಲ್ಯಾಂಡಿನ ಮುಖ್ಯಮಂತ್ರಿ ನೆಫಿಯು ರಿಯೊ ಅವರು ಕೇಂದ್ರದ ವಿದೇಶಾಂಗ ಸಚಿವರಿಗೆ ಪತ್ರ ಬರೆದರು. ಜನರೂ ದನಿಗೂಡಿಸಿದರು, ಬುರುಡೆಯನ್ನು ಹರಾಜಿನಿಂದ ಹಿಂತೆಗೆಯಲಾಯಿತು. 2025ರ ಜೂನ್‌ನಲ್ಲಿ ನಾಗಾ ಪ್ರತಿನಿಧಿಗಳು ಸ್ವತಃ ಆಕ್ಸ್‌ಫರ್ಡ್‌ಗೆ ಹೋಗಿ, ಹಿರಿಯರನ್ನು ಮರಳಿಸಬೇಕೆಂಬ ಘೋಷಣೆ ಹೊರಡಿಸಿದರು.

"ಪೆಟ್ಟಿಗೆಯಲ್ಲಿಟ್ಟು ಕಳುಹಿಸಿದರೆ ಮುಗಿಯಿತಲ್ಲ?" ಎಂದು ನೀವು ಕೇಳಬಹುದು. ಅದು ಅಷ್ಟು ಸುಲಭವಲ್ಲ. ಹಿಂದೆ ಹಳ್ಳಿ ಹಳ್ಳಿಗಳ ನಡುವೆ ಕಾಳಗ ನಡೆದು ಶತ್ರುವಿನ ತಲೆಯನ್ನು ತರುವ ಪದ್ಧತಿ ಇತ್ತು. ಹಾಗೆ ತಂದ ಬುರುಡೆ ಸೇರಬೇಕಾದದ್ದು ಗೆದ್ದವರ ಊರನ್ನೋ, ಸತ್ತವನ ಊರನ್ನೋ? ನಾಗಾ ಜನರಲ್ಲಿ ಬಹುಪಾಲು ಈಗ ಕ್ರೈಸ್ತರು; ಅಂತ್ಯಸಂಸ್ಕಾರ ಹಳೆಯ ವಿಧಿಯಂತೆಯೋ, ಹೊಸ ವಿಧಿಯಂತೆಯೋ? ಇದಕ್ಕೆ ಉತ್ತರ ಹುಡುಕಲು ನಾಗಾ ಸಂಶೋಧಕರು ಹಳ್ಳಿಯ ಹಿರಿಯರನ್ನೇ ಕೇಳುತ್ತಿದ್ದಾರೆ.

ನಮ್ಮ ನಾಡಿನಲ್ಲೂ ಗೋರಿಗಳನ್ನು ಅಗೆದದ್ದುಂಟು. ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳುತ್ತಿದ್ದ ಫಿಲಿಪ್ ಮೆಡೋಸ್ ಟೇಲರ್ 1850ರ ಆಸುಪಾಸಿನಲ್ಲಿ ಜೇವರ್ಗಿಯ ಬಳಿ ಪ್ರಾಚೀನ ಕಲ್ಲುಗೋರಿಗಳನ್ನು ತೆರೆಸಿ, ಒಳಗಿನ ಅಸ್ಥಿಪಂಜರಗಳನ್ನು ವರ್ಣಿಸಿ ಬರೆದನು. ಆ ಗೋರಿಗಳು ಎರಡು ಸಾವಿರ ವರ್ಷಗಳಿಗೂ ಹಳೆಯವು; ಇವರು ನಮ್ಮ ಅಜ್ಜಂದಿರು ಎಂದು ಹೇಳುವವರು ಇಂದು ಯಾರೂ ಇಲ್ಲ. ನಾಗಾ ಜನರಾದರೋ ಇದ್ದಾರೆ, ಕೇಳುತ್ತಿದ್ದಾರೆ. ಅಮೆರಿಕದಲ್ಲಿ ಇಂಥ ಮೂಲನಿವಾಸಿಗಳ ಹಕ್ಕನ್ನು 1990ರ ಕಾನೂನು ಮಾನ್ಯ ಮಾಡಿತು.

ಅಧ್ಯಯನ ಬೇಡವೆಂದು ಇದರ ಅರ್ಥವಲ್ಲ. ಸತ್ತವರ ವಿಷಯದಲ್ಲಿ ಮೊದಲ ಮಾತು ಅವರ ಮನೆಯವರದು ಎಂದಷ್ಟೇ ಅರ್ಥ. ಮುಂದೆ ಯಾವುದೇ ವಸ್ತುಸಂಗ್ರಹಾಲಯಕ್ಕೆ ಹೋದಾಗ, "ಇದು ಏನು?" ಎಂದು ಕೇಳುವುದರ ಜೊತೆಗೆ "ಇದು ಯಾರದು? ಅವರು ಒಪ್ಪಿ ಕೊಟ್ಟದ್ದೇ?" ಎಂದೂ ಕೇಳಿ.