ಅಘನಾಶಿನಿಯ ಅಳಿವೆ: ಘಟ್ಟದವರು ನೋಡಬೇಕಾದ ಕಡಲತೀರ
(ಉಪನ್ಯಾಸದ ಬರಹರೂಪ)



ಕಡಲು ನೋಡಬೇಕೆಂದಾಗ ಘಟ್ಟದ ಮೇಲಿನ ಜನ ಹೊರಡುವುದು ಗೋಕರ್ಣಕ್ಕೆ, ಇಲ್ಲವೇ ಮುರ್ಡೇಶ್ವರಕ್ಕೆ. ಗೋಕರ್ಣದ ದಕ್ಷಿಣಕ್ಕೆ ತದಡಿಯಿದೆ. ಅಲ್ಲಿ ತಾರಿ ಹತ್ತಿ ನದಿ ದಾಟಿದರೆ ಆಚೆ ದಡದಲ್ಲಿ ಅಘನಾಶಿನಿ ಎಂಬ ಹಳ್ಳಿ. ಅದರ ಪಕ್ಕದ ಜಂಬಿಟ್ಟಿಗೆ ಗುಡ್ಡದ ಬುಡದಲ್ಲಿ ಕಿರುಬೇಲೆಯ ಸಣ್ಣ ಮರಳ ದಂಡೆ. ಜಾತ್ರೆಯ ಗದ್ದಲ ಇಲ್ಲಿಲ್ಲ. ಅಡುಂಬುಬಳ್ಳಿ ಹಬ್ಬಿದ ಮರಳು, ಹೆಜ್ಜೆಯ ಸಪ್ಪಳಕ್ಕೆ ಬಿಲ ಸೇರುವ ಏಡಿಗಳು, ಮೇಲೆ ಸುತ್ತುವ ಬಿಳಿಹೊಟ್ಟೆಯ ಕಡಲಹದ್ದು. ಕಾಣುವುದು ಇಷ್ಟೇ ಎಂದು ಹಿಂದಿರುಗುವವರೂ ಉಂಟು. ಅವರು ಬೆನ್ನು ಹಾಕಿ ನಿಂತ ಕಡೆಯಲ್ಲೇ, ಅಂದರೆ ಗುಡ್ಡದ ಹಿಂಬದಿಯ ಅಳಿವೆಯಲ್ಲಿ, ನೋಡತಕ್ಕ ಸಂಗತಿಗಳಿವೆ.

ಶಿರಸಿಯ ಶಂಕರಹೊಂಡದ ನೀರು ಉಂಚಳ್ಳಿಯಲ್ಲಿ 116 ಮೀಟರ್ ಕೆಳಕ್ಕೆ ಧುಮುಕಿ, ಸುಮಾರು 120 ಕಿ.ಮೀ. ಹರಿದು ಇಲ್ಲಿ ಸಮುದ್ರ ಸೇರುತ್ತದೆ. ದಾರಿಯಲ್ಲಿ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಪಶ್ಚಿಮಘಟ್ಟದಲ್ಲಿ ಈ ಮಾತನ್ನು ಹೇಳಬಹುದಾದ ನದಿಗಳು ವಿರಳ. ಈ ಅಳಿವೆಯ 4,801 ಹೆಕ್ಟೇರ್ ಪ್ರದೇಶವು 2024ರ ಜನವರಿಯಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ ಮಾತ್ರಕ್ಕೆ ಕಾವಲು ಬಂದಂತಲ್ಲ. ಅದೊಂದು ಗೌರವ ಮತ್ತು ಒಂದು ಹೊಣೆ.

ದಿನಕ್ಕೆ ಎರಡು ಭರತ, ಎರಡು ಇಳಿತ. ಭರತದ ಹೊತ್ತು ಪ್ರತಿದಿನ ಸುಮಾರು ಐವತ್ತು ನಿಮಿಷ ಮುಂದೆ ಸರಿಯುತ್ತದೆ. ಇಲ್ಲಿನ ಜನರ ದಿನಚರಿಯೂ ಗಡಿಯಾರಕ್ಕಿಂತ ಅದನ್ನೇ ಅನುಸರಿಸುತ್ತದೆ. ಇಳಿತದಲ್ಲಿ ಕೆಸರು ಬಯಲಾದಾಗ ಗಂಡಸರು, ಹೆಂಗಸರು ಸೊಂಟದ ನೀರಿಗಿಳಿದು ಬಳಚು, ಅಂದರೆ ಚಿಪ್ಪಿಕಲ್ಲು, ಬಾಚುತ್ತಾರೆ. ಬಂಡವಾಳ ಬೇಡದ ದುಡಿಮೆ ಇದು, ಬುಟ್ಟಿಯೊಂದಿದ್ದರೆ ಸಾಕು. ಈ ಕೆಲಸವನ್ನೇ ನಂಬಿದವರು ಎರಡು ಸಾವಿರಕ್ಕೂ ಹೆಚ್ಚೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನ ತೋರಿಸಿತು. ಕಚೇರಿಯ ನಕಾಶೆಗಳಲ್ಲಿ ಮಾತ್ರ ಈ ಕೆಸರು ಬಹುಕಾಲ 'ನಿರುಪಯುಕ್ತ ಭೂಮಿ'ಯಂತೆಯೇ ಕಂಡಿತು. 2000ದ ದಶಕದ ಮಧ್ಯಭಾಗದಲ್ಲಿ ತದಡಿಗೆ 4,000 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರದ ಪ್ರಸ್ತಾಪ ಬಂದುದು, ಮುಂದೆ ಬಂದರಿನ ಮಾತು ಎದ್ದುದು ಇದೇ ದೃಷ್ಟಿಯಿಂದ. ಸ್ಥಾವರವು ಜನರ ವಿರೋಧದ ಮುಂದೆ ನಿಲ್ಲಲಿಲ್ಲ.

ಕೃಷಿಕರು ವಿಶೇಷವಾಗಿ ನೋಡಬೇಕಾದುದು ಗಜನಿ ಭೂಮಿ. ಮಾಣಿಕಟ್ಟಾದಂಥ ಊರುಗಳಲ್ಲಿ ಅಳಿವೆಯ ಅಂಚಿಗೆ ಮಣ್ಣಿನ ಕಟ್ಟೆ ಹಾಕಿ, ಜಂತ್ರಡಿ ಎಂಬ ಬಾಗಿಲುಗಳಿಂದ ಉಪ್ಪುನೀರನ್ನು ತಡೆದು ಕಗ್ಗ ಭತ್ತ ಬೆಳೆಯುತ್ತಾರೆ. ಜೂನಿನ ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬೀಜವನ್ನು ಎರಚುವುದು, ಗೊಬ್ಬರವಿಲ್ಲ, ಔಷಧವಿಲ್ಲ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ಯುವರು. ಬಳಿಕ ಬಾಗಿಲು ತೆರೆದರೆ ಭರತದೊಡನೆ ಒಳಬಂದ ಸಿಗಡಿ, ಮೀನುಗಳಿಗೆ ಆ ಕೂಳೆಯೇ ಆಹಾರ. ಒಂದೇ ಹೊಲ, ಆರು ತಿಂಗಳು ಅನ್ನ, ಆರು ತಿಂಗಳು ಮೀನು. ಒಬ್ಬನಿಂದ ಸಾಗುವ ಬೇಸಾಯವಲ್ಲ ಇದು. ಕಟ್ಟೆ ಒಡೆದರೆ ಎಲ್ಲರ ಗದ್ದೆಯೂ ಹೋಗುವುದರಿಂದ ಊರೇ ಕೂಡಿ ಮಾಡಬೇಕು. ಕಳೆದ ಶತಮಾನದ ಕೊನೆಯಲ್ಲಿ ಸಿಗಡಿ ಕೃಷಿಯ ಭರಾಟೆ ಬಂದಾಗ ಕಗ್ಗ ಹಿಂದೆ ಸರಿಯಿತು. ತೊಂಬತ್ತರ ದಶಕದ ನಡುವೆ ಬಿಳಿಚುಕ್ಕೆ ರೋಗವು ಭಾರತದ ಸಿಗಡಿ ಕೊಳಗಳನ್ನೇ ಬರಿದು ಮಾಡಿತು. ಬಿಟ್ಟ ಬೀಜ ಮಾತ್ರ ಎಲ್ಲ ಊರಿಗೂ ಮರಳಲಿಲ್ಲ. ಉಪ್ಪು ಸಹಿಸುವ ತಳಿಗಾಗಿ ಪ್ರಯೋಗಾಲಯಗಳಲ್ಲಿ ಹುಡುಕುತ್ತಿರುವ ಈ ಕಾಲದಲ್ಲಿ ಕಗ್ಗವನ್ನು ಕೆಲವೇ ಮನೆಗಳ ಕಣಜಕ್ಕೆ ಬಿಟ್ಟಿರುವುದು ವಿವೇಕವೆನಿಸದು.

ಇದಕ್ಕೂ ಘಟ್ಟಕ್ಕೂ ಏನು ಸಂಬಂಧವೆಂದು ಕೇಳಬಹುದು. ಚಿಪ್ಪಿಕಲ್ಲಿಗೆ ಬೇಕಾದುದು ಉಪ್ಪು, ಸಿಹಿನೀರುಗಳ ಒಂದು ಲಯ: ಮಳೆಗಾಲದಲ್ಲಿ ಸಿಹಿ ಮೇಲುಗೈ, ಬೇಸಿಗೆಯಲ್ಲಿ ಉಪ್ಪು. ನೆರೆಯ ಶರಾವತಿಯಲ್ಲಿ ಈ ಲಯ ತಪ್ಪಿತು. 1964ರಲ್ಲಿ ಲಿಂಗನಮಕ್ಕಿ, 2001ರಲ್ಲಿ ಗೇರುಸೊಪ್ಪೆಯ ವಿದ್ಯುದಾಗಾರ ಬಂದ ಮೇಲೆ ವರ್ಷವಿಡೀ ಸಿಹಿನೀರು ಇಳಿದು ಹೊನ್ನಾವರದ ಅಳಿವೆ ಸಪ್ಪೆಯಾಯಿತು, ಚಿಪ್ಪಿಕಲ್ಲು ಕುಗ್ಗಿತು. ಅಲ್ಲಿ ನೀರು ಹೊತ್ತಲ್ಲದ ಹೊತ್ತಿನಲ್ಲಿ ಹೆಚ್ಚಾದುದು ಕೇಡಾಯಿತು. ಅಘನಾಶಿನಿ–ವೇದಾವತಿ ಜೋಡಣೆಯ ಪ್ರಸ್ತಾಪದಲ್ಲಿರುವುದು ಅದಕ್ಕೆ ವಿರುದ್ಧವಾದ ಅಪಾಯ. 'ವ್ಯರ್ಥವಾಗಿ ಕಡಲು ಸೇರುವ ನೀರು' ಎಂಬ ಮಾತು ಗಜನಿಯ ಉಪ್ಪು ತೊಳೆಯುವ ನೀರು ಯಾವುದೆಂದು ತಿಳಿಯದವರ ಮಾತು.

ದೋಷವನ್ನೆಲ್ಲ ಯೋಜನೆಗಳ ಮೇಲೆ ಹೊರಿಸಿ ತೋಟಿಗರು ಕೈತೊಳೆದುಕೊಳ್ಳುವಂತೆಯೂ ಇಲ್ಲ. ಸೊಪ್ಪು ಕಡಿದು ಬೋಳಾದ ಬೆಟ್ಟದ ಮಣ್ಣು ಹಳ್ಳಕ್ಕಿಳಿದು ಹೂಳಾಗುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮೈಸೂರಿನಲ್ಲಿ ಬಳಕೆಗೆ ತಂದವರು ಡಾ. ಲೆಸ್ಲಿ ಕೋಲ್ಮನ್, ಅಡಿಕೆಯನ್ನು ಅದು ಉಳಿಸಿತು. ಆದರೆ ಅದರಲ್ಲಿರುವ ತಾಮ್ರವು ಚಿಪ್ಪುಜೀವಿಗಳ ಮರಿಗಳಿಗೆ ಅತಿ ಅಲ್ಪ ಪ್ರಮಾಣದಲ್ಲೂ ವಿಷ. ಸಿಂಪಡಣೆ ಬಿಡಿರೆಂದು ಯಾರೂ ಹೇಳುತ್ತಿಲ್ಲ, ಬಿಟ್ಟರೆ ತೋಟ ಉಳಿಯದು. ಉಳಿದ ದ್ರಾವಣವನ್ನು ಸುರಿಯುವುದೂ ಡ್ರಮ್ಮು ತೊಳೆಯುವುದೂ ಹಳ್ಳದಲ್ಲಿಯೇ ಆಗಬೇಕೆಂಬ ಶಾಸ್ತ್ರವೇನೂ ಇಲ್ಲವಲ್ಲ!

ಹೋಗುವವರು ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಲಿ; ವಲಸೆ ಹಕ್ಕಿಗಳು ಆಗ ಕೆಸರಿನಲ್ಲಿ ಇಳಿದಿರುತ್ತವೆ. ಕಡಲಾಮೆಗಳು ಈ ಕರಾವಳಿಯ ಮರಳಿನಲ್ಲಿ ಮೊಟ್ಟೆಯಿಡುವುದೂ ಚಳಿಗಾಲದ ರಾತ್ರಿಗಳಲ್ಲಿ. ಕತ್ತಲಾದ ಮೇಲೆ ದೀಪ, ಬೆಂಕಿ ಬೇಡ. ಜೀವವಿರುವ ಚಿಪ್ಪನ್ನು ಕಿಸೆಗೆ ಹಾಕಿಕೊಳ್ಳುವುದೂ ಬೇಡ. ವಿದ್ಯಾರ್ಥಿಗಳು ಮೂರು ಶುಭ್ರ ಬಾಟಲಿಗಳನ್ನು ಒಯ್ಯಲಿ. ಒಂದರಲ್ಲಿ ಕಿರುಬೇಲೆಯ ತೆರೆಯ ನೀರು, ಇನ್ನೊಂದರಲ್ಲಿ ತಾರಿಯ ನಡುವಿನ ನೀರು, ಮೂರನೆಯದರಲ್ಲಿ ಮಿರ್ಜಾನಿನ ಸಮೀಪದ ನೀರು. ಪ್ರತಿಯೊಂದರಿಂದ ಒಂದು ಲೀಟರನ್ನು ಅಳೆದು ಕುದಿಸಿ ಬತ್ತಿಸಿ, ಉಳಿದ ಉಪ್ಪನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿ, ದಿನಾಂಕ ಮತ್ತು ಭರತದ ಹೊತ್ತಿನೊಡನೆ ಬರೆದಿಡಲಿ. ಮೊದಲ ಮಳೆಗಳು ಕಳೆದು ಹದಿನೈದು ದಿನಕ್ಕೆ ಅದೇ ಮೂರು ಸ್ಥಳಗಳಿಗೆ ಮತ್ತೆ ಹೋಗಬೇಕು. ಆ ಹೊತ್ತಿಗೆ ಮಾಣಿಕಟ್ಟಾದಲ್ಲಿ ಬೀಜ ಎರಚುವುದೂ ನೋಡಲು ಸಿಕ್ಕೀತು.